ನಿಮ್ಮ ಒಣಕೆಮ್ಮು, ಮಗಳ ಪ್ರಾಜೆಕ್ಟು, ನಡುವೆ ಒಂದು ಚೂರು ಸತು

ಪ್ರಶ್ನೆ: ಮೇಷ್ಟ್ರೇ, ನಮ್ಮದು ಬೇಲೂರು ಕಡೆ ಆರು ಎಕರೆ ಕಾಫಿ, ಜೊತೆಗೆ ಸ್ವಲ್ಪ ಅಡಿಕೆ. ಮಗಳು ಹಾಸನದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಪ್ರಾಜೆಕ್ಟು ಎಂಎಂಪಿ-9 ಅನ್ನುವ ಪ್ರೋಟೀನ್ ಮೇಲೆ. ಅದು ಮನುಷ್ಯರ ಮೈಯಲ್ಲೇ ಇರುವ, ಸತು ಹಿಡಿದುಕೊಂಡಿರುವ ಪ್ರೋಟೀನ್ ಅಂತೆ, ಕ್ಯಾನ್ಸರ್ ಮದ್ದಿಗೆ ಗುರಿ ಆಗಬಹುದಂತೆ. ನಮ್ಮ ಕಾಫಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಸಿಡ್ ಕಂಪ್ಯೂಟರಿನಲ್ಲಿ ಅದರೊಳಗೆ ಚೆನ್ನಾಗಿ ಕೂತಿದೆ, ಸ್ಕೋರ್ ಮೈನಸ್ ಒಂಬತ್ತು ಬಂದಿದೆ ಅಂತ ಖುಷಿಯಲ್ಲಿದ್ದಾಳೆ. ಇದು ನಿಜವಾಗಿ ಮದ್ದಾಗುತ್ತಾ? ಪೇಟೆಂಟ್ ಮಾಡಿಸಬೇಕಾ? ಸತುವೇ ಮುಖ್ಯ ಅನ್ನೋದಾದರೆ ಮೈಯಿಂದ ಸತು ತೆಗೆದುಬಿಟ್ಟರೆ ಆಗಲ್ವಾ? ಅಂದ ಹಾಗೆ ನನಗೆ ಬಿ.ಪಿ.ಗೆ ರಾಮಿಪ್ರಿಲ್ ಶುರುವಾದಾಗಿನಿಂದ ಒಣಕೆಮ್ಮು ಬಿಡುತ್ತಿಲ್ಲ, ಅದು ಬೇರೆ ವಿಷಯ ಬಿಡಿ.

ಉತ್ತರ: ಬೇರೆ ವಿಷಯ ಅಲ್ಲ ಯಜಮಾನರೇ. ನಿಮ್ಮ ಕೆಮ್ಮು, ಮಗಳ ಪ್ರಾಜೆಕ್ಟು ಎರಡೂ ಒಂದೇ ಗಿಡದ ಕೊಂಬೆಗಳು. ನೀವು ದಿನಾ ನುಂಗುವ ರಾಮಿಪ್ರಿಲ್ ಇದೆಯಲ್ಲ, ಅದೂ ಮನುಷ್ಯರ ಮೈಯಲ್ಲಿರುವ ಒಂದು ಸತುವಿನ ಪ್ರೋಟೀನನ್ನೇ ಹಿಡಿಯುವ ಮದ್ದು. ಹಾಗಾಗಿ ನಿಮ್ಮ ಗಂಟಲಿನಿಂದಲೇ ಶುರು ಮಾಡುತ್ತೇನೆ, ಎಂಎಂಪಿ-9 ಆಮೇಲೆ.

ಆ ಪ್ರೋಟೀನಿನ ಹೆಸರು ಎಸಿಇ. ಕತ್ತರಿ ಕೆಲಸದ ಎಂಜೈಮ್ ಅದು. ರಕ್ತದಲ್ಲಿರುವ ಒಂದು ಸಣ್ಣ ಸರಪಳಿಯ ತುದಿ ಕತ್ತರಿಸಿ, ರಕ್ತನಾಳವನ್ನು ಬಿಗಿಯಾಗಿಸುವ ಆಂಜಿಯೋಟೆನ್ಸಿನ್-2 ಅನ್ನು ತಯಾರು ಮಾಡುತ್ತದೆ. ಕತ್ತರಿಗೆ ಅಡ್ಡ ಕಡ್ಡಿ ಇಟ್ಟರೆ ನಾಳ ಸಡಿಲ, ಬಿ.ಪಿ. ಕಡಿಮೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಅದೇ ಕತ್ತರಿ ಬ್ರಾಡಿಕೈನಿನ್ ಅನ್ನುವ ಇನ್ನೊಂದು ಸರಪಳಿಯನ್ನೂ ಕತ್ತರಿಸಿ ಹಾಕುತ್ತಿತ್ತು. ಈಗ ಅದು ಕತ್ತರಿಸುವವರಿಲ್ಲದೆ ಉಳಿದುಕೊಳ್ಳುತ್ತದೆ, ಶ್ವಾಸನಾಳವನ್ನು ಕೆರಳಿಸುತ್ತದೆ. ಕಫ ಇಲ್ಲ, ಜ್ವರ ಇಲ್ಲ, ಸುಮ್ನೆ ಕೆಮ್ಮು. ಈ ಜಾತಿಯ ಮಾತ್ರೆ ತಗೊಳ್ಳುವ ನೂರು ಜನರಲ್ಲಿ 5ರಿಂದ 20 ಜನಕ್ಕೆ ಹೀಗಾಗುತ್ತದೆ ಅಂತ ಪುಸ್ತಕಗಳಲ್ಲಿದೆ. ನೋಡಿ, ಗುರಿ ಒಂದೇ, ಮದ್ದೂ ಒಂದೇ, ಆದರೆ ಆ ಗುರಿ ಎರಡು ಕೆಲಸ ಮಾಡುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಮಾತ್ರೆ ಹುಟ್ಟಿದ್ದು ಹಾವಿನ ವಿಷದಿಂದ. ನಿಮ್ಮ ತೋಟದಲ್ಲಿ ಮಳೆಗಾಲದಲ್ಲಿ ಕಾಫಿ ಕೊಂಬೆಗೆ ಸುತ್ತಿಕೊಂಡು ಅಲ್ಲಾಡದೆ ಕೂತಿರುವ ಗುಳಿಮಂಡಲ ನೋಡಿರುತ್ತೀರಿ. ಅದರ ದೂರದ ನೆಂಟ ಬ್ರೆಜಿಲ್‌ನ ಜರರಾಕ. ಅದರ ವಿಷದಲ್ಲಿ ಬ್ರಾಡಿಕೈನಿನ್‌ನ ಕೆಲಸವನ್ನು ಜೋರು ಮಾಡುವ ಏನೋ ಇದೆ ಅಂತ 1960ರ ದಶಕದಲ್ಲಿ ಸೆರ್ಜಿಯೋ ಫೆರೇರಾ ತೋರಿಸಿದರು. ಆ 'ಏನೋ' ಎಸಿಇ ಕತ್ತರಿಗೆ ಅಡ್ಡ ಬರುವ ಪುಟ್ಟ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನ್ ಸರಪಳಿಯ ಸಣ್ಣ ತುಂಡುಗಳು. ಆದರೆ ಪೆಪ್ಟೈಡ್ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣ ಆಗಿಬಿಡುತ್ತದೆ, ಇಂಜೆಕ್ಷನ್ನೇ ಗತಿ. ಆಗ ಸ್ಕ್ವಿಬ್ ಕಂಪನಿಯಲ್ಲಿದ್ದ ಕುಶ್‌ಮನ್ ಮತ್ತು ಒಂಡೆಟ್ಟಿ ಬೇರೆ ದಾರಿ ಹಿಡಿದರು. ಎಸಿಇ ಹೇಗಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಅದೇ ತರಹ ಸತು ಇಟ್ಟುಕೊಂಡು ಕತ್ತರಿಸುವ ಕಾರ್ಬಾಕ್ಸಿಪೆಪ್ಟಿಡೇಸ್ ಅನ್ನುವ ಎಂಜೈಮ್ ಹೇಗಿದೆ ಅಂತ ಗೊತ್ತಿತ್ತು. ಅದನ್ನೇ ಮಾದರಿ ಮಾಡಿಕೊಂಡು, ಒಂದು ಪುಟ್ಟ ಅಣುವಿನ ತುದಿಗೆ ಸತುವನ್ನು ಕಚ್ಚುವ ಗಂಧಕ ಸೇರಿಸಿದರು. ಅದು ಕ್ಯಾಪ್ಟೋಪ್ರಿಲ್. ಅಮೆರಿಕದಲ್ಲಿ 1981ರಲ್ಲಿ ಅನುಮತಿ ಸಿಕ್ಕಿತು. ತಮಾಷೆ ಅಂದರೆ ಮನುಷ್ಯರ ಎಸಿಇಯ ನಿಜವಾದ ರಚನೆ ಕಣ್ಣಿಗೆ ಬಿದ್ದದ್ದು 2003ರಲ್ಲಿ. ಬೀಗ ನೋಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಕೀಲಿ ಮಾರುಕಟ್ಟೆಯಲ್ಲಿತ್ತು.

ಈಗ ಮುಖ್ಯ ಮಾತು. ಕ್ಯಾಪ್ಟೋಪ್ರಿಲ್ ತಗೊಂಡ ಕೆಲವರಿಗೆ ನಾಲಿಗೆ ರುಚಿ ಹೋಗುತ್ತಿತ್ತು, ಮೈಮೇಲೆ ದದ್ದು ಏಳುತ್ತಿತ್ತು. ಅನುಮಾನ ಬಂದದ್ದು ಆ ಗಂಧಕದ ಮೇಲೆ. ಆಮೇಲೆ ಬಂದ ಎನಾಲಾಪ್ರಿಲ್, ನಿಮ್ಮ ರಾಮಿಪ್ರಿಲ್ ಇವುಗಳಲ್ಲಿ ಗಂಧಕ ಇಲ್ಲ. ಅದರ ಜಾಗದಲ್ಲಿ ಕಾರ್ಬಾಕ್ಸಿಲ್ ಗುಂಪು ಇದೆ. ಅದು ಸತುವನ್ನು ಗಂಧಕದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಿಡಿತ ಸಡಿಲ ಆಯಿತಲ್ಲ, ಮದ್ದು ಕೆಡಲಿಲ್ವಾ? ಇಲ್ಲ. ಸತುವಿನ ಸುತ್ತ ಇರುವ ಪ್ರೋಟೀನಿನ ಗೋಡೆಗಳಿಗೆ ಅಣು ಇನ್ನೂ ಚೆನ್ನಾಗಿ ಹೊಂದುವ ಹಾಗೆ ಮಾಡಿ ಆ ನಷ್ಟ ತುಂಬಿಕೊಂಡರು. ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಷ್ಟೇ: ಲೋಹ ಹಿಡಿಯುವುದು ಕಷ್ಟದ ಕೆಲಸ ಅಲ್ಲ. ಬೇಕಾದ ಪ್ರೋಟೀನಿನ ಲೋಹವನ್ನು ಮಾತ್ರ ಹಿಡಿಯುವುದು ಕಷ್ಟ, ಮತ್ತು ಅದನ್ನು ಸಾಧಿಸುವುದು ಹೆಚ್ಚಾಗಿ ಲೋಹದಿಂದಲ್ಲ, ಗೋಡೆಗಳಿಂದ.

ಸತು ಒಳಗೆ ಹೇಗೆ ಕೂತಿರುತ್ತದೆ ಅಂತ ಹೇಳಿಬಿಡುತ್ತೇನೆ. ಮಗಳ ಎಂಎಂಪಿ-9 ಕೂಡ ಎಸಿಇ ಥರದ ಒಂದು ಕತ್ತರಿ ಎಂಜೈಮೇ. ಅದರ ಕತ್ತರಿಸುವ ಗುಂಡಿಯಲ್ಲಿ ಒಂದು ಸತುವಿನ ಅಯಾನ್ ಇದೆ. ಹಿಸ್ಟಿಡಿನ್ ಅನ್ನುವ ಮೂರು ಅಮೈನೋ ಆಸಿಡ್‌ಗಳು ಮೂರು ಕಡೆಯಿಂದ ಕೊಕ್ಕೆ ಹಾಕಿ ಅದನ್ನು ಹಿಡಿದಿರುತ್ತವೆ. ನಾಲ್ಕನೇ ಕಡೆ ಖಾಲಿ, ಅಲ್ಲಿ ನೀರಿನ ಅಣು ಬಂದು ಕೂರುತ್ತದೆ. ಸತುವಿನ ಪಕ್ಕ ಕೂತ ನೀರು ಸಾದಾ ನೀರಲ್ಲ. ಅದಕ್ಕೆ ಹರಿತ ಬಂದಿರುತ್ತದೆ, ಪಕ್ಕದ ಗ್ಲುಟಮೇಟ್ ಅನ್ನುವ ಇನ್ನೊಂದು ಅಮೈನೋ ಆಸಿಡ್ ಅದರಿಂದ ಒಂದು ಪ್ರೋಟಾನ್ ಕಿತ್ತುಕೊಂಡರೆ ಸಾಕು, ಎದುರಿಗೆ ಬಂದ ಪ್ರೋಟೀನ್ ಸರಪಳಿಯನ್ನು ಕತ್ತರಿಸಿ ಹಾಕುತ್ತದೆ. ಮದ್ದು ಮಾಡುವವರು ಕಣ್ಣಿಡುವುದು ಆ ನಾಲ್ಕನೇ ಜಾಗದ ಮೇಲೆ. ನೀರನ್ನು ಎಬ್ಬಿಸಿ ತಮ್ಮ ಅಣುವನ್ನು ಕೂರಿಸಬೇಕು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ.

ಎಂಎಂಪಿಗಳ ಕಥೆ ಶುರುವಾಗಿದ್ದು ಕಪ್ಪೆಮರಿಯಿಂದ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಎಲ್ಲಿಗೆ ಹೋಗುತ್ತದೆ? ಉದುರಿ ಬೀಳುವುದಿಲ್ಲ, ಕರಗಿ ಮೈಯೊಳಗೇ ಸೇರುತ್ತದೆ. ಬಾಲದಲ್ಲಿರುವ ಕೊಲಾಜನ್ ಗಟ್ಟಿ ಹಗ್ಗದಂಥ ಪ್ರೋಟೀನ್, ಅದನ್ನು ಕರಗಿಸುವುದು ಯಾರು ಅನ್ನುವುದು ಪ್ರಶ್ನೆ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಷಾರ್ಲ್ ಲಾಪಿಯೇರ್ ಗೊದಮೊಟ್ಟೆಯ ಬಾಲದ ಚೂರುಗಳನ್ನು ಕೊಲಾಜನ್ ಜೆಲ್ ಮೇಲೆ ಇಟ್ಟು ನೋಡಿದರು. ಚೂರಿನ ಸುತ್ತ ಜೆಲ್ ಕರಗಿ ತಿಳಿಯಾಯಿತು. ಅಲ್ಲಿ ಸಿಕ್ಕಿದ್ದು ಈ ವಂಶದ ಮೊದಲ ಎಂಜೈಮ್. ಮನುಷ್ಯರಲ್ಲಿ ಈಗ ಇಂಥವು 23 ಇವೆ. ಎಂಎಂಪಿ-9 ಅವುಗಳಲ್ಲಿ ಒಂದು. ಜೆಲಾಟಿನ್ ಮತ್ತು ನಾಲ್ಕನೇ ಬಗೆಯ ಕೊಲಾಜನ್ ಅಂದರೆ ಅದಕ್ಕೆ ಪ್ರೀತಿ. ಜೀವಕೋಶಗಳ ಕೆಳಗೆ ಹಾಸಿರುವ ತೆಳು ಚಾಪೆಯ ಮುಖ್ಯ ವಸ್ತು ಈ ನಾಲ್ಕನೇ ಬಗೆಯ ಕೊಲಾಜನ್ನೇ. ಕ್ಯಾನ್ಸರ್ ಗಡ್ಡೆ ತಾನಿರುವ ಜಾಗ ಬಿಟ್ಟು ಬೇರೆಡೆಗೆ ಹರಡಬೇಕಾದರೆ ಆ ಚಾಪೆ ಹರಿಯಬೇಕು. ಕತ್ತರಿ ಕಸಿದುಕೊಂಡರೆ ಕ್ಯಾನ್ಸರ್ ಮನೆಯಲ್ಲೇ ಕೂರುತ್ತದೆ ಅನ್ನುವುದು ಲೆಕ್ಕ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ, ಅಲ್ವಾ? 1990ರ ದಶಕದಲ್ಲಿ ದೊಡ್ಡ ದೊಡ್ಡ ಕಂಪನಿಗಳಿಗೂ ಹಾಗೇ ಅನಿಸಿತ್ತು.

ಬ್ರಿಟಿಷ್ ಬಯೋಟೆಕ್ ಕಂಪನಿ ಮಾರಿಮಾಸ್ಟಾಟ್ ಅನ್ನುವ ಮಾತ್ರೆ ಮಾಡಿತು. ಅದರ ತುದಿಯಲ್ಲಿ ಹೈಡ್ರಾಕ್ಸಮೇಟ್ ಅನ್ನುವ ಗುಂಪು. ಸತು ಕಂಡರೆ ಇಕ್ಕಳದ ಹಾಗೆ ಎರಡು ಬಾಯಲ್ಲಿ ಕಚ್ಚುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಅದ್ಭುತ. ಇಲಿಗಳಲ್ಲೂ ಈ ಜಾತಿಯ ಮದ್ದುಗಳು ಆಸೆ ಹುಟ್ಟಿಸಿದ್ದವು. ಮನುಷ್ಯರಿಗೆ ಕೊಟ್ಟಾಗ ಕೆಲವು ವಾರಗಳಲ್ಲಿ ಕೀಲುನೋವು ಶುರುವಾಯಿತು. ಕೈಬೆರಳ ಸಣ್ಣ ಕೀಲುಗಳಲ್ಲಿ ಬಿಗಿತ, ಆಮೇಲೆ ಭುಜ. ಡೋಸ್ ಕಡಿಮೆ ಮಾಡಬೇಕಾಯಿತು. ಕಡಿಮೆ ಡೋಸಿನಲ್ಲಿ ಗಡ್ಡೆಯ ಮೇಲೆ ನಿರೀಕ್ಷಿಸಿದ ಫಲ ಕಾಣಲಿಲ್ಲ. ಬೇಯರ್ ಕಂಪನಿಯ ಟಾನೊಮಾಸ್ಟಾಟ್ ಕಥೆ ಇನ್ನೂ ಬೇಸರದ್ದು. ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರ್ ಪ್ರಯೋಗದಲ್ಲಿ ಅದನ್ನು ತಗೊಂಡವರ ಸ್ಥಿತಿ ಸುಮ್ಮನೆ ಹುಸಿಮಾತ್ರೆ ತಗೊಂಡವರಿಗಿಂತ ಕೆಟ್ಟದಾಯಿತು, 1999ರಲ್ಲಿ ನಿಲ್ಲಿಸಿದರು.

ಯಾಕೆ ಹೀಗಾಯಿತು ಅನ್ನುವುದು ಮಗಳು ವೈವಾದಲ್ಲಿ ಹೇಳಲೇಬೇಕಾದ ವಿಷಯ. ಮೊದಲನೆಯದು, ಇಪ್ಪತ್ತಮೂರೂ ಎಂಎಂಪಿಗಳ ಸತುವಿನ ಗುಂಡಿ ಹೆಚ್ಚೂಕಡಿಮೆ ಒಂದೇ ಥರ. ಅವುಗಳ ಜೊತೆ ಎಡಾಮ್, ಎಡಾಮ್‌ಟಿಎಸ್ ಅನ್ನುವ ನೆಂಟರ ಗುಂಪು ಬೇರೆ ಇದೆ. ಸತುವನ್ನೇ ನಂಬಿ ಹಿಡಿಯುವ ಅಣು ಎಲ್ಲರನ್ನೂ ಹಿಡಿಯುತ್ತದೆ. ಕೀಲುನೋವಿಗೂ ಅದೇ ಕಾರಣ ಇರಬೇಕು ಅಂತ ಬಹಳ ಜನರ ಅಭಿಪ್ರಾಯ. ಎರಡನೆಯದು ಇನ್ನೂ ಸೂಕ್ಷ್ಮ. ಇವುಗಳಲ್ಲಿ ಕೆಲವು ಕ್ಯಾನ್ಸರಿನ ವಿರುದ್ಧವೇ ಕೆಲಸ ಮಾಡುತ್ತವೆ. ಎಂಎಂಪಿ-8 ಇಲ್ಲದ ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಜಾಸ್ತಿ ಆದವು ಅಂತ 2003ರಲ್ಲಿ ತೋರಿಸಿದರು. ಅಂದರೆ ಎಲ್ಲ ಕತ್ತರಿಗಳನ್ನೂ ಕಸಿದುಕೊಂಡಾಗ ಕಾವಲುಗಾರನ ಕತ್ತಿಯನ್ನೂ ಕಸಿದುಕೊಂಡ ಹಾಗಾಯಿತು. ಮೂರನೆಯದು ಸಮಯ. ಪ್ರಯೋಗಕ್ಕೆ ಸೇರಿದವರಲ್ಲಿ ಬಹಳ ಜನರಿಗೆ ಕ್ಯಾನ್ಸರ್ ಆಗಲೇ ಹರಡಿಯಾಗಿತ್ತು. ದನ ಹೋದ ಮೇಲೆ ಕೊಟ್ಟಿಗೆ ಬಾಗಿಲು ಹಾಕಿದರೆ?

ಹಾಗಾದರೆ ಎಂಎಂಪಿ-9 ಒಂದನ್ನೇ ಹಿಡಿಯೋಣ ಅಂತ ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಗಿಲಿಯಡ್ ಕಂಪನಿಯ ಆಂಡೆಕ್ಯಾಲಿಕ್ಸಿಮ್ಯಾಬ್ ಅನ್ನುವ ಆಂಟಿಬಾಡಿ ಎಂಎಂಪಿ-9 ಬಿಟ್ಟು ಬೇರೆಯದರ ತಂಟೆಗೆ ಹೋಗುವುದಿಲ್ಲ. ಹೊಟ್ಟೆಯ ಕ್ಯಾನ್ಸರಿಗೆ ಕೀಮೋ ಜೊತೆ ಕೊಟ್ಟು ಮೂರನೇ ಹಂತದ ಪ್ರಯೋಗ ಮಾಡಿದರು. ಬರೀ ಕೀಮೋ ತಗೊಂಡವರಿಗಿಂತ ಆಯಸ್ಸು ಹೆಚ್ಚಾಗಲಿಲ್ಲ. ಗುರಿ ತಪ್ಪಲಿಲ್ಲ, ಬಾಣ ನಾಟಿತು, ಆದರೂ ಬೇಟೆ ಬೀಳಲಿಲ್ಲ. ಎಂಎಂಪಿ-9 ಮೈಗೆ ಬೇಕಾದ ಕೆಲಸಗಳನ್ನೂ ಮಾಡುತ್ತದೆ ಅನ್ನುವುದು ಬೇರೆ: ಗಾಯ ಮಾಯುವಾಗ ಬೇಕು, ಎಳೆ ಮೂಳೆ ಬೆಳೆಯುವಾಗ ಬೇಕು. ಗುರಿ 'ಆಗಬಹುದಂತೆ' ಅಂತ ನೀವು ಬರೆದ ಆ ಒಂದು ಪದಕ್ಕೆ ಇಷ್ಟು ಭಾರ ಇದೆ.

ಈಗ ನಿಮ್ಮ ಪ್ರಶ್ನೆ, ಸತುವನ್ನೇ ತೆಗೆದುಬಿಟ್ಟರೆ? ಒಳ್ಳೆ ಪ್ರಶ್ನೆ, ಆದರೆ ಉತ್ತರ ನಿಮ್ಮ ತೋಟದಲ್ಲೇ ಇದೆ. ಸತು ಕಮ್ಮಿ ಆದ ಕಾಫಿ ಗಿಡದ ಎಲೆ ಹೇಗಿರುತ್ತದೆ? ಸಣ್ಣದಾಗಿ, ಕಿರಿದಾಗಿ, ಚಿಗುರು ಗುಚ್ಛದ ಹಾಗೆ ಮುದುಡಿ. ನೀವು ಜಿಂಕ್ ಸಲ್ಫೇಟ್ ಹೊಡೆಸುತ್ತೀರಿ. ಗಿಡದ ಒಂದು ಎಂಜೈಮಿಗೆ ಮಾತ್ರ ಸತು ಸಾಲದೆ ಹಾಗಾಯಿತೇ? ಇಲ್ಲ, ಹತ್ತಾರು ಕಡೆ ಒಟ್ಟಿಗೆ ಕೊರತೆ. ಮನುಷ್ಯರ ಮೈಯಲ್ಲಿ ಒಟ್ಟು 2ರಿಂದ 3 ಗ್ರಾಂ ಸತು ಇದೆ, ಹೆಚ್ಚಿನದು ಸ್ನಾಯು ಮತ್ತು ಮೂಳೆಯಲ್ಲಿ. ನಮ್ಮ ಪ್ರೋಟೀನ್‌ಗಳಲ್ಲಿ ಸುಮಾರು ನೂರಕ್ಕೆ ಹತ್ತು ಸತು ಹಿಡಿಯುವಂಥವು, ಅಂದರೆ ಹತ್ತಿರ ಹತ್ತಿರ ಮೂರು ಸಾವಿರ. ಸತು ಎಳೆಯುವ ಮದ್ದು ಕೊಟ್ಟರೆ ಯಾವ ಪ್ರೋಟೀನಿನಿಂದ ಎಳೆಯಬೇಕು ಅಂತ ಅದಕ್ಕೆ ಹೇಳುವವರು ಯಾರು? ಚರ್ಮ, ರುಚಿ, ರೋಗನಿರೋಧಕ ಶಕ್ತಿ ಎಲ್ಲ ಕೆಡುತ್ತದೆ, ಎಂಎಂಪಿ-9 ಮಾತ್ರ ತನ್ನ ಸತುವನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತದೆ. ಲೋಹ ಎಳೆಯುವ ಮದ್ದುಗಳಿಗೆ ಜಾಗ ಇದೆ, ಆದರೆ ಅದು ಲೋಹವೇ ಮೈಯಲ್ಲಿ ಜಾಸ್ತಿ ಆದಾಗ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ತಲಸ್ಸೇಮಿಯಾ ಮಕ್ಕಳಲ್ಲಿ ಕಬ್ಬಿಣ. ಬೋರ್ಡೋ ದ್ರಾವಣ ನೆನಪು ಮಾಡಿಕೊಳ್ಳಿ: ಅದರ ತಾಮ್ರ ಶಿಲೀಂಧ್ರದ ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿ ಸಾಯಿಸುತ್ತದೆ. ಎಲೆಯ ಮೇಲೆ ಹೊಡೆಯುವುದಕ್ಕೆ ಅದು ಬಲು ಚೆನ್ನ. ಕುಡಿಯುವುದಕ್ಕಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಸತುವಿನ ಪ್ರೋಟೀನ್‌ಗಳೆಲ್ಲ ಕೈಕೊಟ್ಟಿವೆ ಅಂದುಕೊಳ್ಳಬೇಡಿ. ಕಣ್ಣಿನ ಗ್ಲಾಕೋಮಾಕ್ಕೆ ಹಾಕುವ ಡಾರ್ಜೋಲಮೈಡ್ ಹನಿ ಕಾರ್ಬೋನಿಕ್ ಅನ್ಹೈಡ್ರೇಸ್ ಅನ್ನುವ ಎಂಜೈಮಿನ ಸತುವನ್ನೇ ಹಿಡಿಯುತ್ತದೆ. ಅದರಲ್ಲಿ ಜಾಣತನ ಏನೆಂದರೆ ಮಾತ್ರೆ ಬಿಟ್ಟು ಹನಿ ಮಾಡಿದ್ದು. ಮೈಯೆಲ್ಲ ಸುತ್ತಬೇಕಾಗಿಲ್ಲ, ಬೇಕಾದ ಕಡೆಗೇ ಹಾಕು. ಮಾರಿಮಾಸ್ಟಾಟ್‌ನಲ್ಲಿ ಸೋತ ಅದೇ ಹೈಡ್ರಾಕ್ಸಮೇಟ್ ಇಕ್ಕಳ ಇನ್ನೊಂದು ಸತುವಿನ ಪ್ರೋಟೀನ್ ಗುಂಪಿನ ಮೇಲೆ ಗೆದ್ದಿದೆ. 2006ರಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕ ವೊರಿನೊಸ್ಟಾಟ್ ಅದು. ಇಕ್ಕಳ ಕೆಟ್ಟದ್ದಲ್ಲ, ಯಾವುದರ ಮೇಲೆ ಹಾಕಿದ್ದೀರಿ ಅನ್ನುವುದು ಮುಖ್ಯ.

ಎಂಎಂಪಿಗಳ ಮೇಲೂ ಒಂದು ಮದ್ದು ಒಪ್ಪಿಗೆ ಪಡೆದಿದೆ, ಅದು ನಿಮಗೆ ಗೊತ್ತಿರುವುದೇ. ಇಲಿಜ್ವರಕ್ಕೆ ಕೊಡುತ್ತಾರಲ್ಲ, ಡಾಕ್ಸಿಸೈಕ್ಲಿನ್. ಬ್ಯಾಕ್ಟೀರಿಯಾ ಸಾಯದಷ್ಟು ಕಡಿಮೆ ಡೋಸಿನಲ್ಲಿ, 20 ಮಿಲಿಗ್ರಾಂ ದಿನಕ್ಕೆ ಎರಡು ಸಲ, ವಸಡಿನ ಕಾಯಿಲೆಗೆ ಕೊಡಬಹುದು ಅಂತ ಅಮೆರಿಕದಲ್ಲಿ 1998ರಲ್ಲಿ ಒಪ್ಪಿದರು. ಆ ಡೋಸಿನಲ್ಲಿ ಅದು ವಸಡಿನ ಕೊಲಾಜನ್ ತಿನ್ನುವ ಎಂಎಂಪಿಗಳ ಆಟ ತಗ್ಗಿಸುತ್ತದೆ. ಕ್ಯಾನ್ಸರ್ ಗೆಲ್ಲಲು ಹೊರಟ ಸೈನ್ಯ ಕೊನೆಗೆ ವಸಡಿನಲ್ಲಿ ಒಂದು ಕೋಟೆ ಗೆದ್ದಿತು ಅನ್ನಿ. ನಗಬೇಡಿ, ಹಲ್ಲು ಅಲ್ಲಾಡುವವರಿಗೆ ಅದೇ ದೊಡ್ಡದು.

ಹೊಸ ದಾರಿಯೂ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಎಂಎಂಪಿ-9 ಹುಟ್ಟುವಾಗಲೇ ಹರಿತವಾಗಿ ಹುಟ್ಟುವುದಿಲ್ಲ. ಅದರ ಬಾಯಿಗೆ ಒಂದು ಮುಚ್ಚಳ ಇರುತ್ತದೆ. ಆ ಮುಚ್ಚಳದ ಒಂದು ಸಿಸ್ಟೀನ್, ಅಂದರೆ ಗಂಧಕ ಇರುವ ಅಮೈನೋ ಆಸಿಡ್, ಸತುವಿನ ನಾಲ್ಕನೇ ಸೀಟಿನಲ್ಲಿ ಕೂತಿರುತ್ತದೆ. ಮುಚ್ಚಳ ಕತ್ತರಿಸಿ ತೆಗೆದ ಮೇಲೆ ಮಾತ್ರ ಕತ್ತರಿ ಕೆಲಸ ಮಾಡುವುದು. 2017ರಲ್ಲಿ ಜೆಎನ್‌ಜೆ0966 ಅನ್ನುವ ಅಣುವಿನ ಬಗ್ಗೆ ವರದಿ ಬಂತು. ಅದು ಸತುವಿನ ಹತ್ತಿರಕ್ಕೇ ಹೋಗುವುದಿಲ್ಲ. ಮುಚ್ಚಳ ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಆ ಮುಚ್ಚಳದ ಹತ್ತಿರದ ಜಾಗ ಎಂಎಂಪಿ-9ರಲ್ಲಿ ಇರುವ ಹಾಗೆ ಉಳಿದವುಗಳಲ್ಲಿ ಇಲ್ಲ, ಹಾಗಾಗಿ ನೆಂಟರಿಗೆ ತೊಂದರೆ ಆಗಲಿಲ್ಲ. ಮದ್ದಾಗಿ ಬಂದಿಲ್ಲ, ಆದರೆ ದಾರಿ ತೋರಿಸಿತು. ಲೋಹದ ಪ್ರೋಟೀನಿಗೆ ಮದ್ದು ಹುಡುಕುವಾಗ ಲೋಹವನ್ನು ಮರೆಯುವುದೂ ಒಂದು ಉಪಾಯ.

ಇನ್ನು ಮೈನಸ್ ಒಂಬತ್ತು. ಅಣು ಪ್ರೋಟೀನನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಕಂಪ್ಯೂಟರ್ ಹಾಕುವ ಅಂದಾಜು ಅದು, ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಹಿಡಿತ ಗಟ್ಟಿ ಅಂತ ಲೆಕ್ಕ. ಇದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿಗೆ ವೈವಾ ತಗೊಳ್ಳಲು ಹೋಗಿದ್ದೆ. ಮೂವರು ಹುಡುಗರು, ಇದೇ ಥರ ಸತುವಿನ ಎಂಜೈಮ್, ಇದೇ ಥರ ಗಿಡದ ಅಣು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ. "ಸತು ಎಲ್ಲಿದೆ ತೋರಿಸಿ" ಅಂದೆ. ಒಬ್ಬ ಮೌಸ್ ಹಿಡಿದು ತಿರುಗಿಸಿದ, ಇನ್ನೊಬ್ಬ ದೊಡ್ಡದು ಮಾಡಿದ, ಮೂರನೆಯವನು ನನ್ನ ಮುಖ ನೋಡಿದ. ಸತು ಇರಲೇ ಇಲ್ಲ. ಆದದ್ದಿಷ್ಟು: ಡೌನ್‌ಲೋಡ್ ಮಾಡಿದ ರಚನೆಯ ಫೈಲಿನಲ್ಲಿ ಪ್ರೋಟೀನಿನ ಪರಮಾಣುಗಳು 'ಆಟಮ್' ಅಂತ ಶುರುವಾಗುವ ಸಾಲಿನಲ್ಲಿರುತ್ತವೆ. ನೀರು, ಲೋಹ, ಹಳೆಯ ಮದ್ದಿನ ಅಣು ಇವೆಲ್ಲ 'ಹೆಟ್‌ಆಟಮ್' ಅಂತ ಶುರುವಾಗುವ ಸಾಲಿನಲ್ಲಿ. ನೀರು ತೆಗೆಯಿರಿ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಇವರು ಆ ಸಾಲುಗಳನ್ನೆಲ್ಲ ಒಟ್ಟಿಗೆ ಅಳಿಸಿದ್ದಾರೆ. ಕಳೆ ಕೀಳಲು ಹೋಗಿ ಕಾಫಿ ಸಸಿಯನ್ನೂ ಕಿತ್ತ ಹಾಗೆ. ಖಾಲಿ ಗುಂಡಿಯಲ್ಲಿ ಅಣು ಆರಾಮವಾಗಿ ಕೂತು ಒಳ್ಳೇ ಸ್ಕೋರ್ ಕೊಟ್ಟಿತ್ತು. ಹುಡುಗರ ತಪ್ಪು ಅನ್ನುವುದಕ್ಕಿಂತ, ಎರಡು ವರ್ಷ ಯಾರೂ ಅವರ ಪಕ್ಕ ಕೂತು ಫೈಲ್ ತೆಗೆದು ನೋಡಿರಲಿಲ್ಲ ಅನ್ನುವುದೇ ನನಗೆ ಬೇಜಾರು.

ಸತು ಇದ್ದರೂ ಸಾಲದು. ಕೆಲವು ಸಾಫ್ಟ್‌ವೇರ್‌ಗಳು ತಯಾರಿ ಮಾಡುವಾಗ ಅದರ ಚಾರ್ಜನ್ನು ಸೊನ್ನೆ ಅಂತ ಬರೆದುಬಿಡುತ್ತವೆ. ಆಗ ಅದು ಸತು ಅಲ್ಲ, ಬರೀ ಗೋಲಿ. ಸತುವಿಗೆ ಅಂತಲೇ 2014ರಲ್ಲಿ ಆಟೋಡಾಕ್ ಅನ್ನುವ, ಅಣು ಕೂರಿಸಿ ನೋಡುವ ಸಾಫ್ಟ್‌ವೇರ್‌ನ ಬೇರೆ ಲೆಕ್ಕಾಚಾರ ಬಂದಿದೆ, ಅದನ್ನು ಬಳಸಿದ್ದಾಳಾ ಕೇಳಿ. ಮತ್ತೆ, ಇಂಥ ಸ್ಕೋರ್‌ಗಳಲ್ಲಿ ಎರಡು ಅಂಕದಷ್ಟು ಹೆಚ್ಚುಕಮ್ಮಿ ಸಾಮಾನ್ಯ. ಎರಡು ಅಂಕ ಅಂದರೆ ಹಿಡಿತದಲ್ಲಿ ಸುಮಾರು 30 ಪಟ್ಟು ವ್ಯತ್ಯಾಸ. ತಕ್ಕಡಿಯಲ್ಲಿ ಕಾಫಿ ಮೂಟೆ ತೂಗಿ, ಇದು ಒಂದು ಕೆಜಿಯೂ ಇರಬಹುದು, 30 ಕೆಜಿಯೂ ಇರಬಹುದು ಅಂದರೆ ನೀವು ದುಡ್ಡು ಕೊಡುತ್ತೀರಾ?

ಕ್ಲೋರೋಜೆನಿಕ್ ಆಸಿಡ್ ಮೇಲೆ ನನಗೆ ಇನ್ನೊಂದು ಅನುಮಾನ ಇದೆ. ಅದರ ಒಂದು ತುದಿಯಲ್ಲಿ ಕ್ಯಾಟೆಕಾಲ್ ಅನ್ನುವ ಗುಂಪಿದೆ. ಅದು ಲೋಹಕ್ಕೆ ಅಂಟುವ ಗುಂಪು, ಆದರೆ ಚಾರಿತ್ರ್ಯ ಸರಿಯಿಲ್ಲ. ನಿಮ್ಮ ಮನೆಯಲ್ಲಿ ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ನೋಡಿ, ಸಂಜೆ ಹೊತ್ತಿಗೆ ಕಪ್ಪು ಕಪ್ಪು. ಸುಲಿಯುವವರ ಬೆರಳೂ ಹಾಗೇ. ಅಡಿಕೆ ಚೊಗರಿನಲ್ಲಿ ಇದೇ ಕ್ಯಾಟೆಕಾಲ್ ಜಾತಿಯ ಅಣುಗಳಿವೆ, ಕತ್ತಿಯ ಕಬ್ಬಿಣ ಸಿಕ್ಕಿದ ಕೂಡಲೇ ಹಿಡಿದು ಕಪ್ಪಾಗುತ್ತವೆ. ಕಬ್ಬಿಣದ ಮಾತ್ರೆ ಜೊತೆ ಕಾಫಿ, ಟೀ ಕುಡಿಯಬೇಡಿ ಅಂತ ಡಾಕ್ಟರು ಹೇಳುವುದೂ ಇದಕ್ಕೇ. ಕಬ್ಬಿಣವಾದರೂ ಸರಿ, ಸತುವಾದರೂ ಸರಿ, ಸಿಕ್ಕಿದ್ದನ್ನು ಹಿಡಿಯುವ ಸ್ವಭಾವ. ಪ್ರಯೋಗಾಲಯದಲ್ಲಿ ಏನು ಪರೀಕ್ಷೆ ಮಾಡಿದರೂ 'ಕೆಲಸ ಮಾಡಿತು' ಅನ್ನುವ ಸುಳ್ಳು ಫಲ ಕೊಡುವ ಅಣುಗಳ ಒಂದು ಪಟ್ಟಿಯನ್ನು 2010ರಲ್ಲಿ ಬೇಯಲ್ ಮತ್ತು ಹಾಲೋವೇ ಮಾಡಿದ್ದರು. ಕ್ಯಾಟೆಕಾಲ್ ಅದರಲ್ಲಿದೆ. ಇದರ ಮೇಲೆ ಕುಡಿದ ಕ್ಲೋರೋಜೆನಿಕ್ ಆಸಿಡ್‌ನಲ್ಲಿ ಸಣ್ಣ ಕರುಳು ಹೀರುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಮುಂದಕ್ಕೆ ಹೋಗಿ ಬ್ಯಾಕ್ಟೀರಿಯಾ ಪಾಲು. ಹುರಿಯುವಾಗ ಒಡೆದು ಹೋಗುವುದು ಬೇರೆ. ಹಾಗಾಗಿ ದಿನಕ್ಕೆ ಆರು ಲೋಟ ಕುಡಿದರೆ ಕ್ಯಾನ್ಸರ್ ಬರಲ್ಲ ಅಂತ ಊರಲ್ಲಿ ಹೇಳಿಕೊಂಡು ತಿರುಗಬೇಡಿ. ಕಾಫಿ ಕುಡಿಯಿರಿ, ರುಚಿಗೆ.

ಮಗಳಿಗೆ ನಾನು ಹೇಳುವುದು ಪ್ರಾಜೆಕ್ಟ್ ಬಿಡು ಅಂತ ಅಲ್ಲ. ಇನ್ನೊಂದು ತಿಂಗಳು ಸಮಯ ಇದ್ದರೆ ಅದನ್ನೇ ಬಲು ಒಳ್ಳೆ ಪ್ರಾಜೆಕ್ಟ್ ಮಾಡಬಹುದು. 1ಜಿಕೆಸಿ ಅನ್ನುವ ಫೈಲಿನಲ್ಲಿ ಎಂಎಂಪಿ-9 ಜೊತೆಗೆ ನಿಜವಾದ ಒಂದು ತಡೆಯುವ ಅಣು ಕೂತಿದೆ. ಮೊದಲು ಅದನ್ನು ತೆಗೆದು ಮತ್ತೆ ಅವಳ ಸಾಫ್ಟ್‌ವೇರ್‌ನಿಂದಲೇ ಕೂರಿಸಿ ನೋಡಲಿ. ಇದ್ದ ಜಾಗಕ್ಕೇ, ಎರಡು ಆಂಗ್‌ಸ್ಟ್ರಾಮ್ ಒಳಗೆ, ಬಂದು ಕೂತರೆ ವಿಧಾನ ಸರಿ ಇದೆ. ಕೂರದಿದ್ದರೆ ಮೈನಸ್ ಒಂಬತ್ತಕ್ಕೆ ಬೆಲೆ ಇಲ್ಲ. ಆಮೇಲೆ ಕ್ಲೋರೋಜೆನಿಕ್ ಆಸಿಡ್ಡನ್ನು ಎಂಎಂಪಿ-2ರ ಮೇಲೆ, ಕಾರ್ಬೋನಿಕ್ ಅನ್ಹೈಡ್ರೇಸ್ ಮೇಲೆ, ನಿಮ್ಮ ಎಸಿಇ ಮೇಲೂ ಕೂರಿಸಿ ನೋಡಲಿ. ಎಲ್ಲ ಕಡೆ ಮೈನಸ್ ಒಂಬತ್ತೇ ಬಂದರೆ ಅರ್ಥ ಆಯಿತಲ್ಲ?

ಆದರೆ ಸಾಧ್ಯವಾದರೆ ಕೈಯಲ್ಲಿ ಒಂದು ಪ್ರಯೋಗ ಮಾಡಲಿ. ಜೈಮೋಗ್ರಫಿ ಅಂತಾರೆ. ಜೆಲ್ ಎರೆಯುವಾಗಲೇ ಅದರೊಳಗೆ ಜೆಲಾಟಿನ್ ಬೆರೆಸಿ, ಎಂಎಂಪಿ ಇರುವ ಮಾದರಿಯನ್ನು ಓಡಿಸಿ, ಡಿಟರ್ಜೆಂಟ್ ತೊಳೆದು, ಕ್ಯಾಲ್ಸಿಯಂ ಇರುವ ಬಫರಿನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಕೂಮಾಸಿ ನೀಲಿ ಬಣ್ಣ ಹಾಕಿ ತೊಳೆದರೆ ಜೆಲ್ ಪೂರ್ತಿ ಕಡುನೀಲಿ, ನಡುವೆ ಎರಡು ತಿಳಿ ಪಟ್ಟಿ. ಮೇಲಿನದು 92 ಕಿಲೋಡಾಲ್ಟನ್ ಹತ್ತಿರ, ಅದು ಎಂಎಂಪಿ-9 ಜೆಲಾಟಿನ್ ತಿಂದ ಗುರುತು. ಕೆಳಗಿನದು 72ರ ಹತ್ತಿರ, ಎಂಎಂಪಿ-2. ಮೊದಲ ಸಲ ನೋಡಿದಾಗ ನನಗೆ ರೋಮಾಂಚನ ಆಗಿತ್ತು, ಗೊದಮೊಟ್ಟೆ ಬಾಲದ ಪ್ರಯೋಗವೇ ಅದು, ಜೆಲ್ಲಿನ ರೂಪದಲ್ಲಿ. ರಾತ್ರಿ ಬಫರಿನಲ್ಲಿ ಇಡುವ ಮೊದಲು ಜೆಲ್ಲನ್ನು ಸೀಳಿ, ಒಂದು ಚೂರಿಗೆ ಬರೀ ಬಫರ್, ಒಂದಕ್ಕೆ ಲೋಹ ಎಳೆಯುವ ಇಡಿಟಿಎ, ಒಂದಕ್ಕೆ ಕ್ಲೋರೋಜೆನಿಕ್ ಆಸಿಡ್, ಮತ್ತೊಂದಕ್ಕೆ ಕ್ಲೋರೋಜೆನಿಕ್ ಆಸಿಡ್ ಜೊತೆ ಸ್ವಲ್ಪ ಹೆಚ್ಚಿನ ಸತು. ಕ್ಲೋರೋಜೆನಿಕ್ ಆಸಿಡ್ ಹಾಕಿದಾಗ ಮಾಯವಾದ ತಿಳಿ ಪಟ್ಟಿ ಸತು ಸೇರಿಸಿದ ಕೂಡಲೇ ವಾಪಸ್ ಬಂತು ಅಂದರೆ, ಅಣು ಪ್ರೋಟೀನಿನ ಗೋಡೆ ನೋಡಿ ಕೂತಿದ್ದಲ್ಲ, ಸುಮ್ನೆ ಸತು ಕದಿಯುತ್ತಿತ್ತು ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಅದನ್ನು ಪ್ರಾಮಾಣಿಕವಾಗಿ ಬರೆದರೆ ನಾನಾದರೆ ಮೈನಸ್ ಒಂಬತ್ತಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ.

ಪೇಟೆಂಟ್ ಬಗ್ಗೆ ಒಂದೇ ಮಾತು. ನಮ್ಮ ಪೇಟೆಂಟ್ ಕಾಯಿದೆಯ 3ನೇ ಸೆಕ್ಷನ್ ಪ್ರಕಾರ ಪ್ರಕೃತಿಯಲ್ಲಿ ಇರುವ ವಸ್ತುವನ್ನು ಕಂಡುಹಿಡಿದೆ ಅಂತ ಪೇಟೆಂಟ್ ಸಿಗುವುದಿಲ್ಲ. ಗೊತ್ತಿರುವ ವಸ್ತುವಿಗೆ ಬರೀ ಹೊಸ ಉಪಯೋಗ ಹೇಳಿದರೂ ಸಿಗುವುದಿಲ್ಲ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿಕೊಳ್ಳಿ. ಆ ದುಡ್ಡಿನಲ್ಲಿ ಮಗಳಿಗೆ ಜೆಲ್ ಪ್ರಯೋಗದ ಖರ್ಚು ಕೊಡಿ.

ಕೊನೆಗೆ ನಿಮ್ಮ ಕೆಮ್ಮು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬಿ.ಪಿ. ಏರಿದರೆ ಕೆಮ್ಮಿಗಿಂತ ದೊಡ್ಡ ತಲೆನೋವು. ಮಾತ್ರೆಯ ಶೀಟ್ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಯಾವತ್ತಿನಿಂದ ಕೆಮ್ಮು ಅಂತ ತಾರೀಕು ಸಮೇತ ಹೇಳಿ. ಬಹಳ ಮಂದಿಗೆ 'ಸಾರ್ಟಾನ್' ಅಂತ ಕೊನೆಯಾಗುವ ಹೆಸರಿನ ಮಾತ್ರೆಗೆ ಬದಲಾಯಿಸುತ್ತಾರೆ. ಅದು ಸತುವಿನ ಕತ್ತರಿಯನ್ನು ಮುಟ್ಟುವುದಿಲ್ಲ, ಕತ್ತರಿಸಿ ಬಂದ ಆಂಜಿಯೋಟೆನ್ಸಿನ್ ಕೂರುವ ಬಾಗಿಲನ್ನು ಮುಚ್ಚುತ್ತದೆ. ಬ್ರಾಡಿಕೈನಿನ್ ಮೊದಲಿನ ಹಾಗೇ ಕತ್ತರಿಸಿ ಹೋಗುತ್ತಿರುತ್ತದೆ. ಬದಲಾಯಿಸಿದ ಮೇಲೂ ಕೆಮ್ಮು ಮರುದಿನವೇ ಹೋಗುವುದಿಲ್ಲ, ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಮಗಳ ಜೆಲ್ ಕೂಡ ಬಂದಿರುತ್ತದೆ. ಫೋಟೋ ಕಳಿಸಿ, ನಾನೂ ನೋಡಬೇಕು.